ಕಾಂಡ ಇರುವ ಹೂವು, ಕಾಂಡ ಇಲ್ಲದ ಹೂವು

2024ರ ಜನವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ವಿಷಯ ಬಸವಣ್ಣ ಮತ್ತು ವಚನ ಸಾಹಿತ್ಯ. ಗಾಜಿನ ಮನೆಯೊಳಗೆ ಹೂವಿನದೇ ಅನುಭವ ಮಂಟಪ. ನಾವು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ ಕಡೆಯವರು, ಬಸವಕಲ್ಯಾಣ ನಮಗೆ ಪಕ್ಕದ ತಾಲ್ಲೂಕು. ಆ ಮಂಟಪವನ್ನು ಹೂವಿನಲ್ಲಿ ನೋಡಲು ಮಾತ್ರ ರಾತ್ರಿಯಿಡೀ ರೈಲಿನಲ್ಲಿ ಕೂತು ಹೋಗಬೇಕಾಯಿತು.

ಗಾಜಿನ ಮನೆಗೆ 1889ರ ನವೆಂಬರ್ 30ರಂದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟ. ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. 1912ರಲ್ಲಿ, ಜರ್ಮನಿಯ ಕ್ರುಂಬಿಗಲ್ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದಾಗ, ಮೈಸೂರು ಉದ್ಯಾನ ಕಲಾ ಸಂಘ ಹುಟ್ಟಿತು. ಇಂದಿಗೂ ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯ ದಿನಕ್ಕೊಮ್ಮೆ ತೋಟಗಾರಿಕೆ ಇಲಾಖೆಯ ಜೊತೆ ಪ್ರದರ್ಶನ ನಡೆಸುವುದು ಅದೇ ಸಂಘ.

ಆಗ ನಮ್ಮದು ನಿಜಾಮನ ರಾಜ್ಯ. ಮೈಸೂರು ಅರಸರ ತೋಟ ನಮ್ಮ ಅಜ್ಜಂದಿರಿಗೆ ಪರರಾಜ್ಯದ ಸುದ್ದಿ. 1956ರಲ್ಲಿ ರಾಜ್ಯ ಒಂದಾಯಿತು, ಹೂವಿನ ಪೇಟೆ ಒಂದಾಗಲಿಲ್ಲ. ಇಲ್ಲಿ ಹೂವೆಂದರೆ ಚೆಂಡು ಹೂ, ಸೇವಂತಿಗೆ, ಮಲ್ಲಿಗೆ. ಲಾಡ್ಲೆ ಮಶಾಕ ದರ್ಗಾದ ಚಾದರಕ್ಕೆ, ಗುಡಿಗೆ, ಮದುವೆಗೆ. ತೂಕ ಕಿಲೋದಲ್ಲಿ, ಅಳತೆ ಮೊಳದಲ್ಲಿ.

ಕಟ್ ಫ್ಲವರ್ ಲೆಕ್ಕವೇ ಬೇರೆ. 1991ರ ಆರ್ಥಿಕ ಸುಧಾರಣೆಯ ನಂತರ ಬೆಂಗಳೂರು, ಹೊಸೂರು ಸುತ್ತ ಪಾಲಿಹೌಸ್‌ಗಳು ಎದ್ದವು. ಗುಲಾಬಿ, ಜರ್ಬೆರಾ, ಕಾರ್ನೇಷನ್ ವಿಮಾನ ಹತ್ತಿದವು. ಹೆಬ್ಬಾಳದ ಹರಾಜು ಕೇಂದ್ರದಲ್ಲಿ ಡಚ್ಚರ ಪದ್ಧತಿ: ಬೆಲೆ ಮೇಲಿನಿಂದ ಇಳಿಯುತ್ತ ಬರುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಮಾಲು. (ಬೆಲೆ ಇಳಿಯುವ ಆಟ ನಮ್ಮ ಪೇಟೆಗೂ ಗೊತ್ತು, ಗುಂಡಿ ಒತ್ತುವವರು ಬರುವುದಿಲ್ಲ ಅಷ್ಟೇ.) ಕಾಂಡ ಉದ್ದವಿದ್ದಷ್ಟೂ ದರ ಹೆಚ್ಚು.

ನಮ್ಮ ಜೊತೆ ಬಂದಿದ್ದ ರೈತರೊಬ್ಬರು ಮಳಿಗೆಯ ಗುಲಾಬಿ ಕಟ್ಟು ನೋಡಿ, "ನಾವು ಕಾಂಡ ಬಿಟ್ಟು ಹೂ ಕೊಯ್ತೀವ್ರಿ, ಇವರು ಕಾಂಡಕ್ಕೇ ರೊಕ್ಕ ತಗೋತಾರ" ಅಂದರು.

ಪಾಲಿಹೌಸ್‌ಗೆ ಅರ್ಧ ಸಹಾಯಧನ ಇದೆ. ಆದರೆ ಇಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕೊಯ್ದ ಹೂವನ್ನು ತಣ್ಣಗಿಡುವ ಕೋಣೆ, ತಂಪು ಗಾಡಿ ಇಲ್ಲದೆ ಕಾಂಡ ಎಷ್ಟುದ್ದವಿದ್ದರೇನು? 2020ರ ಲಾಕ್‌ಡೌನ್‌ನಲ್ಲಿ ಕಾಂಡದ ಹೂವೂ ಬಿಡಿ ಹೂವೂ ತಿಪ್ಪೆ ಸೇರಿದವು. ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಿಸಿತು. ಆ ವರ್ಷದ ಆಗಸ್ಟ್ ಪ್ರದರ್ಶನವೂ ನಡೆಯಲಿಲ್ಲ.