ಚಿಗಟದ ನೆಗೆತ, ನಾಲ್ಕು ತಂತಿ

ನಿಮ್ಮ ಊರಿನ ಸಂಗೀತ ವಾದ್ಯಗಳ ಅಂಗಡಿಯಲ್ಲಿ ಗಿಟಾರುಗಳ ಪಕ್ಕ ಗಿಟಾರಿನ ಮರಿಯಂಥ ಪುಟ್ಟ ವಾದ್ಯವೊಂದು ನೇತಾಡುತ್ತಿರುವುದನ್ನು ನೋಡಿರುತ್ತೀರಿ. ಮಕ್ಕಳ ಆಟಿಕೆ ಎಂದುಕೊಂಡು ಮುಂದೆ ಹೋಗಿದ್ದರೆ, ಇನ್ನೊಮ್ಮೆ ನಿಂತು ನೋಡಿ. ಅದು ಯುಕುಲೆಲೆ. ನಮ್ಮ ನಿಮ್ಮ ಹಾಗೆ ಅದೂ ಹೊಟ್ಟೆಪಾಡಿಗೆ ಊರು ಬಿಟ್ಟವರ ಜೊತೆ ಹೊರಟದ್ದು.

ಅದರ ತವರು ಪೋರ್ಚುಗಲ್‌ಗೆ ಸೇರಿದ ಮದೀರಾ ದ್ವೀಪ. ಅಲ್ಲಿ ಅದಕ್ಕೆ ಬೇರೆಯೇ ಹೆಸರು. 1879ರ ಆಗಸ್ಟ್‌ನಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ನಾನೂರಕ್ಕೂ ಹೆಚ್ಚು ಜನರನ್ನು, ಹೆಂಡಿರು ಮಕ್ಕಳ ಸಮೇತ, ನಾಲ್ಕು ತಿಂಗಳ ಪ್ರಯಾಣದ ನಂತರ ಹವಾಯಿಯ ಹೊನೊಲುಲು ಬಂದರಿಗೆ ಇಳಿಸಿತು. ಬಂದದ್ದು ಕಬ್ಬಿನ ತೋಟದ ಕೂಲಿಗೆ. ಎರಡೇ ವಾರದಲ್ಲಿ, ಇವರು ರಾತ್ರಿ ಬೀದಿಯಲ್ಲಿ ಹಾಡಿ ಬಾರಿಸುತ್ತಾರೆಂದು ಅಲ್ಲಿನ ಪತ್ರಿಕೆ ಬರೆಯಿತು.

ಆ ಹಡಗಿನಲ್ಲಿ ಮೂವರು ಮರಗೆಲಸದವರಿದ್ದರು: ಮ್ಯಾನುಯೆಲ್ ನ್ಯೂನೆಸ್, ಅಗಸ್ಟೊ ಡಿಯಾಸ್, ಜೋಸೆ ದು ಎಸ್ಪಿರಿತು ಸಾಂತು. ತೋಟದ ಕರಾರು ಮುಗಿದ ಮೇಲೆ ಹೊನೊಲುಲುವಿನಲ್ಲಿ ಅಂಗಡಿ ತೆರೆದು, ಹವಾಯಿಯದೇ ಆದ ಕೋವಾ ಮರದಲ್ಲಿ ವಾದ್ಯ ಮಾಡತೊಡಗಿದರು. ತಂತಿಯ ಮೇಲೆ ಬೆರಳು ಓಡುವ ಪರಿ ನೋಡಿ ಸ್ಥಳೀಯರು ಅದಕ್ಕೆ ‘ಯುಕುಲೆಲೆ’, ಅಂದರೆ ನೆಗೆಯುವ ಚಿಗಟ, ಎಂದರಂತೆ. ಹೆಸರಿಗೆ ಬೇರೆ ಕತೆಗಳೂ ಇವೆ. ನನಗೆ ಚಿಗಟವೇ ಇಷ್ಟ!

ರಾಜ ಕಲಾಕೌವಾ ಅದನ್ನು ಅರಮನೆಗೇ ತಂದ. ತನ್ನ ಐವತ್ತನೆಯ ಹುಟ್ಟುಹಬ್ಬಕ್ಕೆ, 1886ರಲ್ಲಿ, ಹೂಲಾ ನೃತ್ಯದ ಜೊತೆ ನುಡಿಸಿಸಿದ. ಮುಂಬೈ ಕೇಳುಗರಿಗೆ ಒಂದು ಮಾತು: ಇದೇ ರಾಜ 1881ರ ವಿಶ್ವಪ್ರವಾಸದಲ್ಲಿ ಕಲ್ಕತ್ತೆಗೆ ಬಂದು, ಅಲ್ಲಿಂದ ರೈಲಿನಲ್ಲಿ ನಿಮ್ಮೂರಿಗೆ ಬಂದು ಹಡಗು ಹತ್ತಿದ್ದ.

ಮುಂದಿನದು ನೋವಿನ ಕತೆ. 1893ರಲ್ಲಿ ಅವನ ತಂಗಿ ರಾಣಿ ಲಿಲಿಯುಕಲಾನಿಯನ್ನು ಪಟ್ಟದಿಂದ ಇಳಿಸಿದರು. 1898ರಲ್ಲಿ ಅಮೆರಿಕ ದೇಶವನ್ನೇ ನುಂಗಿತು. ರಾಜ್ಯ ಹೋಯಿತು, ವಾದ್ಯ ಮಾತ್ರ ಗೆದ್ದಿತು. 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದಲ್ಲಿ ಹವಾಯಿಯ ತಂಡಗಳು ನುಡಿಸಿದ್ದೇ ತಡ, ಅಮೆರಿಕಕ್ಕೆಲ್ಲ ಯುಕುಲೆಲೆ ಹುಚ್ಚು ಹಿಡಿಯಿತು. ಅಲ್ಲಿನ ಕಾರ್ಖಾನೆಗಳು ತಮ್ಮ ಮಾಲಿನ ಮೇಲೂ ಹವಾಯಿಯ ಹೆಸರು ಒತ್ತಿ ಮಾರಿದವು. ಹೊನೊಲುಲುವಿನವರು ಅಸಲಿ ಮಾಲಿಗೆ ‘ತಾಬು’ ಎಂಬ ಮುದ್ರೆ ಹಾಕಬೇಕಾಯಿತು. ಹಳೆಯ ಯುಕುಲೆಲೆ ಕೂಡಿಡುವವರು ಇಂದಿಗೂ ಹುಡುಕುವುದು ಆ ಮುದ್ರೆಯನ್ನೇ. ನ್ಯೂನೆಸ್ ಬಳಿ ಕೆಲಸ ಕಲಿತ ಸ್ಯಾಮ್ಯುಯೆಲ್ ಕಮಾಕಾ 1916ರಲ್ಲಿ ಶುರುಮಾಡಿದ ಅಂಗಡಿಯನ್ನು ಅವರ ಮನೆತನ ಇನ್ನೂ ನಡೆಸುತ್ತಿದೆ. ಅನಾನಸ್ ಆಕಾರದ ಯುಕುಲೆಲೆ ಅವರದೇ ಕೊಡುಗೆ.

ಕೂಡಿಡುವವರೆಂದರೆ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ನೆನಪಾಗುತ್ತಾರೆ. ನಮ್ಮ ಸಿತಾರ್‌ಗೆ ಮನಸೋತ ಅವರು ಯುಕುಲೆಲೆಗಳನ್ನೂ ರಾಶಿ ಹಾಕಿದ್ದರು. ಆದರೆ ಬೀರುವಿನಲ್ಲಿ ಬೀಗ ಹಾಕಿಡಲಿಲ್ಲ. ಗೆಳೆಯ ಟಾಮ್ ಪೆಟ್ಟಿಗೆ ನುಡಿಸಲು ಕಲಿಸಿ, ಹೊರಡುವಾಗ ನಾಲ್ಕು ಯುಕುಲೆಲೆ ಬಿಟ್ಟು ಹೋದರು. ಮನೆಗೆ ಯಾರಾದರೂ ಬಂದರೆ ಜೊತೆಗೆ ನುಡಿಸಲು ಬೇಕಲ್ಲ! ಸಂಗ್ರಹವೆಂದರೆ ಹೀಗಿರಬೇಕು.

ನೀವೂ ಕಲಿಯುವುದಾದರೆ ಮೊದಲಿಗೆ ಸೊಪ್ರಾನೊ ಇಲ್ಲವೇ ತುಸು ದೊಡ್ಡದಾದ ಕಾನ್ಸರ್ಟ್ ಸಾಕು. ಮೇಲಿನ ತಂತಿ ಮಂದ್ರವಲ್ಲ, ತಾರದಲ್ಲೇ ಮಿಡಿಯುತ್ತದೆ; ಆ ಕುಣಿತದ ನಾದದ ಗುಟ್ಟು ಅದೇ. ಎಲ್ಲಕ್ಕಿಂತ ಕೆಳಗಿನ ತಂತಿಯನ್ನು, ವೀಣೆಯವರ ಮಾತಿನಲ್ಲಿ ಹೇಳುವುದಾದರೆ, ಮೂರನೆಯ ಮೆಟ್ಟಿಲಿನಲ್ಲಿ ಉಂಗುರದ ಬೆರಳಿನಿಂದ ಒತ್ತಿ ನಾಲ್ಕನ್ನೂ ಒಟ್ಟಿಗೆ ಮೀಟಿ. ‘ಸಿ’ ಕಾರ್ಡ್ ಬಂತು.