ಮಡಿಲೇ ಆಸನವಾದ ಕಥೆ

ವಿಮಾನ ನೆಲ ಬಿಡುವ ಮುನ್ನ ಒಳಗಿರುವ ಪ್ರತಿಯೊಂದು ವಸ್ತುವೂ ಭದ್ರವಾಗಿರಬೇಕು ಎಂಬುದು ನಿಯಮ. ಕೈಚೀಲ ತಲೆಯ ಮೇಲಿನ ಖಾನೆಗೆ ಹೋಗಬೇಕು. ಊಟದ ಗಾಡಿ ಗೂಡಿಗೆ ಸೇರಬೇಕು. ಕಾಫಿಯ ಪಾತ್ರೆಗೂ ಒಂದು ಕೊಂಡಿ ಇದೆ. ಪ್ರಯಾಣಿಕರಂತೂ ಬೆಲ್ಟ್ ಬಿಗಿದುಕೊಳ್ಳಲೇಬೇಕು. ಆದರೆ ಅಮೆರಿಕದ ವಿಮಾನಗಳಲ್ಲಿ ಒಬ್ಬ ಪ್ರಯಾಣಿಕರಿಗೆ ಮಾತ್ರ ಇದರಿಂದ ವಿನಾಯಿತಿ ಉಂಟು. ಎರಡು ವರ್ಷ ತುಂಬದ ಕೂಸೇ ಆ ಪ್ರಯಾಣಿಕ.

ಈ ಕೂಸಿಗೆ ಅದರದೇ ಪಾಸ್‌ಪೋರ್ಟ್ ಬೇಕು, ಅದರದೇ ಫೋಟೋ ಬೇಕು. ದೂರದ ವಿದೇಶಯಾನವಾದರೆ ಸಾಮಾನ್ಯವಾಗಿ ಹಿರಿಯರ ದರದ ಶೇಕಡಾ 10ರಷ್ಟು ಕೊಟ್ಟು ಟಿಕೆಟ್ಟನ್ನೂ ಪಡೆಯಬೇಕು. ಇಷ್ಟಾದರೂ ಅದಕ್ಕೆ ಸೀಟು ಇಲ್ಲ. ತಾಯಿಯ ಮಡಿಲೇ ಅದರ ಸೀಟು. ಅಜ್ಜಿ, ತಾತ, ಸೋದರಮಾವನ ಮುಖ ನೋಡಲು ಸಮುದ್ರ ದಾಟಿ ಬರುವ ಸಾವಿರಾರು ಕಂದಮ್ಮಗಳು ಹೀಗೆಯೇ ಹಾರುತ್ತವೆ. ಈ ಪದ್ಧತಿಯ ಹಿಂದೆ ಒಂದು ಶತಮಾನದ ವಿಮಾನಯಾನದ ಚರಿತ್ರೆಯೇ ಇದೆ. ಒಂದು ದುರಂತವೂ ಇದೆ, ಇನ್ನೂ ಮುಗಿಯದ ವಾದವೂ ಇದೆ.

ಗಗನಸಖಿ ಮೊದಲು ದಾದಿ

1930ರ ದಶಕದ ಆರಂಭದಲ್ಲಿ ವಿಮಾನವೇರುವುದು ಮಕ್ಕಳೊಂದಿಗರ ಕೆಲಸವಾಗಿರಲಿಲ್ಲ. ಎಂಜಿನ್ನಿನ ಗದ್ದಲ, ಚಳಿ, ಮೇಲಿಂದ ಮೇಲೆ ಕುಲುಕಾಟ. ದೊಡ್ಡವರೇ ವಾಂತಿ ಮಾಡಿಕೊಂಡು ಕಂಗೆಡುತ್ತಿದ್ದರು. ಈ ಹೆದರಿಕೆಯನ್ನು ಹೋಗಲಾಡಿಸಲು ಎಲೆನ್ ಚರ್ಚ್ ಎಂಬ ಅಮೆರಿಕದ ದಾದಿಯೊಬ್ಬಳು ಒಂದು ಉಪಾಯ ಹೇಳಿದಳು. ವಿಮಾನದಲ್ಲಿ ದಾದಿಯರೇ ಇದ್ದರೆ ಜನರಿಗೆ ಧೈರ್ಯ ಬರುತ್ತದೆ ಎಂಬುದು ಅವಳ ವಾದ. ವಿಮಾನ ನಡೆಸಲು ಕಲಿತಿದ್ದ ಅವಳಿಗೆ ನಿಜವಾಗಿ ಬೇಕಿದ್ದುದು ಪೈಲಟ್ ಹುದ್ದೆ. ಅದು ಸಿಗಲಿಲ್ಲ. ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪೆನಿ ಅವಳ ಉಪಾಯವನ್ನು ಒಪ್ಪಿಕೊಂಡಿತು. 1930ರ ಮೇ 15ರಂದು ಎಲೆನ್ ಚರ್ಚ್ ಪ್ರಪಂಚದ ಮೊದಲ ಗಗನಸಖಿಯಾಗಿ ಕ್ಯಾಲಿಫೋರ್ನಿಯಾದಿಂದ ಶಿಕಾಗೋಗೆ ಹೊರಟಳು. ಅವಳನ್ನೂ ಸೇರಿಸಿ ಮೊದಲ ತಂಡದಲ್ಲಿ ಇದ್ದವರು 8 ಮಂದಿ, ಎಲ್ಲರೂ ತರಬೇತಾದ ದಾದಿಯರು.

ಮುಂದೆ ಅಮ್ಮಂದಿರು ಕೂಸಿನೊಂದಿಗೆ ವಿಮಾನ ಏರುವ ಧೈರ್ಯ ಮಾಡಿದ್ದರಲ್ಲಿ ಈ ದಾದಿಯರ ಪಾಲೂ ಇದೆ. ಹಾಲು ಬೆಚ್ಚಗೆ ಮಾಡಿಕೊಡುವುದು, ಅಳುವ ಮಗುವನ್ನು ಎತ್ತಿಕೊಳ್ಳುವುದು ಗಗನಸಖಿಯ ಕೆಲಸಗಳ ಪಟ್ಟಿಗೆ ಸೇರಿತು.

ಎರಡನೆಯ ದೊಡ್ಡ ಬದಲಾವಣೆ ತಂದದ್ದು ಗಾಳಿಯ ಒತ್ತಡವನ್ನು ಹತೋಟಿಯಲ್ಲಿಡುವ ವಿದ್ಯೆ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಉಸಿರಾಟ ಕಷ್ಟವಾಗುತ್ತದೆ. 1940ರಲ್ಲಿ ಸೇವೆಗೆ ಬಂದ ಬೋಯಿಂಗ್ 307 ವಿಮಾನದಲ್ಲಿ ಒಳಗಿನ ಗಾಳಿಯನ್ನು ಒತ್ತಿ ತುಂಬುವ ವ್ಯವಸ್ಥೆ ಇತ್ತು. ಇಂದಿನ ಜೆಟ್ ವಿಮಾನ 35,000 ಅಡಿ ಎತ್ತರದಲ್ಲಿ ಹಾರುವಾಗಲೂ ಒಳಗಿನ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಇರುತ್ತದೆ. ನೀಲಗಿರಿಯ ಊಟಿಯಲ್ಲಿ ಮಕ್ಕಳು ಹುಟ್ಟಿ ಬೆಳೆಯುವುದಿಲ್ಲವೆ? ಆರೋಗ್ಯವಂತ ಕೂಸಿಗೂ ಇಷ್ಟು ಎತ್ತರ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ.

ಆಕಾಶದಲ್ಲಿ ತೊಟ್ಟಿಲು

1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ‘ಮಲಬಾರ್ ಪ್ರಿನ್ಸೆಸ್’ ಮುಂಬಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹಾರಿತು. ಹಡಗಿನಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ದಾರಿಯನ್ನು ದಿನದ ಲೆಕ್ಕಕ್ಕೆ ತಂದ ಪ್ರಯಾಣ ಅದು. ಪ್ರಯಾಣದ ಅವಧಿ ಇಳಿದಂತೆ ಮಕ್ಕಳನ್ನು ಕರೆದೊಯ್ಯುವವರೂ ಹೆಚ್ಚಿದರು. 1950ರ ದಶಕದಲ್ಲಿ ಬ್ರಿಟನ್ನಿನ ಬಿ.ಓ.ಎ.ಸಿ. ಸಂಸ್ಥೆ ಸಾಮಾನಿನ ಅಟ್ಟಕ್ಕೆ ಸಣ್ಣ ತೊಟ್ಟಿಲು ತೂಗುಹಾಕುವ ವ್ಯವಸ್ಥೆ ಮಾಡಿತು. ಅದಕ್ಕೆ ಕೊಟ್ಟ ಹೆಸರು ‘ಸ್ಕೈಕಾಟ್’, ಅಂದರೆ ಆಕಾಶ ತೊಟ್ಟಿಲು. ನಮ್ಮ ಮನೆಗಳಲ್ಲಿ ತೊಲೆಗೆ ಸೀರೆ ಕಟ್ಟಿ ಜೋಲಿ ಮಾಡುವ ಕ್ರಮವನ್ನು ಹೋಲುವ ಏರ್ಪಾಡು ಇದು. ಈಗಿನ ವಿಮಾನಗಳಲ್ಲಿ ಮುಂದಿನ ಅಡ್ಡಗೋಡೆಗೆ ಸಿಕ್ಕಿಸುವ ‘ಬ್ಯಾಸಿನೆಟ್’ ಇದರ ಮುಂದುವರಿದ ರೂಪ. ಇದು ಸಾಮಾನ್ಯವಾಗಿ 10 ಕಿಲೋ ಆಸುಪಾಸಿನ ತೂಕದವರೆಗಿನ ಮಗುವಿಗೆ ಮಾತ್ರ.

ಆದರೆ ಒಂದು ಮಾತನ್ನು ಗಮನಿಸಬೇಕು. ಏರುವಾಗ, ಇಳಿಯುವಾಗ, ವಿಮಾನ ಕುಲುಕಿ ಬೆಲ್ಟಿನ ದೀಪ ಹೊತ್ತಿದಾಗ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಳ್ಳಬೇಕು. ಅಂದರೆ ಅಪಾಯದ ಸಾಧ್ಯತೆ ಹೆಚ್ಚಿರುವ ಗಳಿಗೆಯಲ್ಲೇ ಮಗು ಮತ್ತೆ ಮಡಿಲಿಗೆ ಬರುತ್ತದೆ.

ಬಾಣಂತನದ ಹೊಸ ದಾರಿ

ಅಮೆರಿಕ 1965ರಲ್ಲಿ ತನ್ನ ವಲಸೆ ಕಾನೂನನ್ನು ಬದಲಿಸಿದ ಮೇಲೆ ಕರ್ನಾಟಕದಿಂದಲೂ ವೈದ್ಯರು, ಎಂಜಿನಿಯರುಗಳು ಅಲ್ಲಿಗೆ ಹೊರಟರು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ವಾಡಿಕೆ ಅಲ್ಲಿ ನಡೆಯುವುದು ಕಷ್ಟ. ಮಗಳು ತವರಿಗೆ ಬರುವ ಬದಲು ತವರೇ ಮಗಳ ಬಳಿಗೆ ಹಾರಿತು. ಮೆಂತ್ಯ, ಅಂಟು, ಒಣ ಕೊಬ್ಬರಿ ಕಟ್ಟಿಕೊಂಡು ಬಾಣಂತನಕ್ಕೆ ಹೊರಟ ತಾಯಂದಿರು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಪರಿಚಿತರಾದರು. ಬಳಿಕ ಅನ್ನಪ್ರಾಶನಕ್ಕೋ ಕಿವಿ ಚುಚ್ಚುವುದಕ್ಕೋ ಕೂಸು ತನ್ನ ಮೊದಲ ಯಾತ್ರೆ ಹೊರಡುತ್ತದೆ. ಸ್ಯಾನ್‌ಫ್ರಾನ್ಸಿಸ್ಕೊದಿಂದ ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ವಿಮಾನ 2021ರ ಜನವರಿ 11ರಂದು ನೆಲ ಮುಟ್ಟಿತು. ಅದು ಸುಮಾರು 17 ಗಂಟೆಗಳ ಹಾರಾಟ. ಅಷ್ಟು ಹೊತ್ತು ಮಗುವನ್ನು ಮಡಿಲಲ್ಲಿಟ್ಟುಕೊಳ್ಳುವುದೆಂದರೆ ಏನು ಎಂಬುದು ಅಮ್ಮಂದಿರಿಗೇ ಗೊತ್ತು.

ವಿಮಾನ ಇಳಿಯುವಾಗ ಮಕ್ಕಳು ಜೋರಾಗಿ ಅಳುವುದಕ್ಕೂ ಕಾರಣವಿದೆ. ಕಿವಿಯ ಒಳಭಾಗವನ್ನು ಗಂಟಲಿನೊಂದಿಗೆ ಜೋಡಿಸುವ ಒಂದು ಸಣ್ಣ ನಾಳ ಇದೆ. ಹೊರಗಿನ ಒತ್ತಡ ಬದಲಾದಾಗ ಈ ನಾಳ ತೆರೆದುಕೊಂಡು ಒಳಗಿನ ಒತ್ತಡವನ್ನು ಸರಿಮಾಡುತ್ತದೆ. ಕೂಸಿನಲ್ಲಿ ಅದು ಗಿಡ್ಡ, ಕಿರಿದು, ಸುಲಭವಾಗಿ ತೆರೆಯದು. ನುಂಗುವಾಗ ನಾಳ ತೆರೆಯುತ್ತದೆ. ಹಿಂದೆ ನಮ್ಮ ವಿಮಾನಗಳಲ್ಲಿ ಹೊರಡುವ ಮುನ್ನ ತಟ್ಟೆಯಲ್ಲಿ ಪೆಪ್ಪರಮಿಂಟು, ಹತ್ತಿ ತಂದುಕೊಡುತ್ತಿದ್ದರು. ಹತ್ತಿ ಗದ್ದಲಕ್ಕೆ, ಪೆಪ್ಪರಮಿಂಟು ನುಂಗುವುದಕ್ಕೆ. ಹಸುಗೂಸಿಗೆ ಪೆಪ್ಪರಮಿಂಟು ಕೊಡಲಾಗದು. ಅದರ ಬದಲು ಇಳಿಯುವಾಗ ಹಾಲೂಡಿಸಿದರೆ ಸಾಕು ಎನ್ನುತ್ತಾರೆ ವೈದ್ಯರು. ಅಜ್ಜಿಯರು ಮಗುವಿನ ಕಿವಿಗೆ ತುರುಕುವ ಹತ್ತಿ ಗಾಳಿ ತಾಗದಂತೆ ತಡೆದೀತು, ಒತ್ತಡವನ್ನು ತಡೆಯದು.

ಸೂ ಸಿಟಿಯ ಆ ದಿನ

ಕಿವಿನೋವು ಕ್ಷಣಿಕ. ಮಡಿಲಿನ ಭದ್ರತೆಯ ಪ್ರಶ್ನೆ ಹಾಗಲ್ಲ. 1989ರ ಜುಲೈ 19ರಂದು ಡೆನ್ವರ್‌ನಿಂದ ಶಿಕಾಗೋಗೆ ಹೊರಟಿದ್ದ ಯುನೈಟೆಡ್ ಸಂಸ್ಥೆಯ 232ನೇ ವಿಮಾನದ ಬಾಲದ ಎಂಜಿನ್ ಸಿಡಿಯಿತು. ವಿಮಾನವನ್ನು ತಿರುಗಿಸುವ, ಇಳಿಸುವ ಹಿಡಿತವೆಲ್ಲ ಕೈತಪ್ಪಿತು. ಕ್ಯಾಪ್ಟನ್ ಆಲ್ ಹೇನ್ಸ್ ಮತ್ತು ಸಂಗಡಿಗರು ಉಳಿದ ಎರಡು ಎಂಜಿನ್‌ಗಳ ವೇಗವನ್ನೇ ಹೆಚ್ಚುಕಡಿಮೆ ಮಾಡುತ್ತ ಅಯೋವಾ ರಾಜ್ಯದ ಸೂ ಸಿಟಿಗೆ ವಿಮಾನ ತಂದರು. ಅದು ನೆಲಕ್ಕಪ್ಪಳಿಸಿ ಹೊತ್ತಿಕೊಂಡಿತು. ಒಳಗಿದ್ದ 296 ಜನರಲ್ಲಿ 112 ಮಂದಿ ಸತ್ತರು.

ವಿಮಾನದಲ್ಲಿ ಸೀಟಿಲ್ಲದ ನಾಲ್ಕು ಪುಟ್ಟ ಮಕ್ಕಳಿದ್ದರು. ಅವರನ್ನು ಬಟ್ಟೆ, ಹೊದಿಕೆ ಒತ್ತಿಟ್ಟು ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳಿ ಎಂದು ಹಿರಿಯ ಗಗನಸಖಿ ಜಾನ್ ಬ್ರೌನ್ ತಾಯ್ತಂದೆಯರಿಗೆ ಹೇಳಿದರು. ಅಂದಿನ ತರಬೇತಿ ಕಲಿಸಿದ್ದು ಅದನ್ನೇ. ಅಪ್ಪಳಿಸಿದ ರಭಸಕ್ಕೆ ಮಕ್ಕಳು ಕೈಯಿಂದ ಜಾರಿದರು. ಮೂವರು ಬದುಕಿದರು. ಅವರಲ್ಲಿ ಒಂದು ಹೆಣ್ಣುಮಗುವನ್ನು ಅದರ ಅಳು ಕೇಳಿ ಹೊಗೆಯೊಳಕ್ಕೆ ಮರಳಿ ಹೋದ ಪ್ರಯಾಣಿಕನೊಬ್ಬ ಎತ್ತಿ ತಂದ. ಒಂದು ಗಂಡುಮಗು ಉಳಿಯಲಿಲ್ಲ. ಮಗನಿಗಾಗಿ ಉರಿಯುವ ವಿಮಾನದತ್ತ ಓಡುತ್ತಿದ್ದ ಆ ತಾಯಿಯನ್ನು ತಡೆದವರು ಜಾನ್ ಬ್ರೌನ್. ನೆಲದ ಮೇಲೆ ಮಲಗಿಸಲು ಹೇಳಿದ್ದು ನೀವೇ ಎಂದು ಆ ತಾಯಿ ಅವರಿಗೆ ಹೇಳಿದಳು. ಮಕ್ಕಳಿಗೆ ಪ್ರತ್ಯೇಕ ಸೀಟು, ಪ್ರತ್ಯೇಕ ಬೆಲ್ಟು ಕಡ್ಡಾಯವಾಗಬೇಕೆಂದು ಬ್ರೌನ್ ಮುಂದೆ ದಶಕಗಳ ಕಾಲ ಹೋರಾಡಿದರು.

ಮಡಿಲಿಗಿಂತ ಸುರಕ್ಷಿತ ಜಾಗ ಇಲ್ಲ ಎಂಬ ನಂಬಿಕೆಗೆ ಇಲ್ಲಿ ಭೌತಶಾಸ್ತ್ರ ಒಪ್ಪುವುದಿಲ್ಲ. ಗುರುತ್ವಾಕರ್ಷಣೆಯ 9 ಪಟ್ಟು ಬಲ ಬಿದ್ದರೆ 10 ಕಿಲೋದ ಮಗು 90 ಕಿಲೋ ಮೂಟೆಯ ಭಾರದಲ್ಲಿ ಮುಂದಕ್ಕೆ ನುಗ್ಗುತ್ತದೆ. ಯಾವ ತಾಯಿಯ ತೋಳೂ ಅದನ್ನು ಹಿಡಿದು ನಿಲ್ಲಿಸಲಾರದು. ತಾಯಿಯ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿದರೆ ಇನ್ನೂ ಕೆಟ್ಟದು. ಅವಳ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ಬ್ರಿಟನ್ನಿನಲ್ಲಿ ತಾಯಿಯ ಬೆಲ್ಟಿಗೆ ಜೋಡಿಸುವ ಪುಟ್ಟ ಬೆಲ್ಟು ಕಡ್ಡಾಯ. ಭಾರತದ ವಿಮಾನಗಳಲ್ಲೂ ಇಂಥದ್ದನ್ನು ತಂದುಕೊಡುವುದುಂಟು. ವಿಮಾನ ಕುಲುಕಿದಾಗ ಮಗು ಹಾರಿಬೀಳದಂತೆ ಇದು ತಡೆಯುತ್ತದೆ. ಆದರೆ ಡಿಕ್ಕಿಯಾದರೆ ಇದರಿಂದ ಹೊಟ್ಟೆಗೆ ಪೆಟ್ಟಾಗುತ್ತದೆಂದು ಅಮೆರಿಕ ಇದನ್ನು ಬಳಸಲು ಬಿಡುವುದಿಲ್ಲ.

ಲೆಕ್ಕದ ಒಳಗೂ ಹೊರಗೂ

ಹಾಗಾದರೆ ಸೀಟು ಕಡ್ಡಾಯ ಮಾಡಲು ಅಡ್ಡಿಯೇನು? ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1990ರಲ್ಲೇ ಈ ಶಿಫಾರಸು ಮಾಡಿತು. ಅಲ್ಲಿನ ವಿಮಾನಯಾನ ಆಡಳಿತ ಒಪ್ಪಲಿಲ್ಲ. ಸೀಟಿಗೆ ಹಣ ಕೊಡಬೇಕಾದರೆ ಅನೇಕ ಕುಟುಂಬಗಳು ವಿಮಾನ ಬಿಟ್ಟು ಕಾರು ಹತ್ತುತ್ತವೆ, ರಸ್ತೆಯಲ್ಲಿ ಸಾಯುವವರು ಹೆಚ್ಚುತ್ತಾರೆ ಎಂದು ಅದು ವಾದಿಸಿತು. ಮಕ್ಕಳ ವೈದ್ಯರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಾದವನ್ನು ಬೆಂಬಲಿಸಿತು. ಕಡ್ಡಾಯ ಮಾಡಿದರೆ ಇಡೀ ಅಮೆರಿಕದಲ್ಲಿ ವರ್ಷಕ್ಕೆ ಉಳಿಯುವ ಜೀವ ಸರಾಸರಿ 0.4, ಅಂದರೆ ಒಂದಕ್ಕಿಂತ ಕಡಿಮೆ. ಶೇಕಡಾ 5ರಿಂದ 10ರಷ್ಟು ಕುಟುಂಬಗಳು ಕಾರಿಗೆ ಹೊರಳಿದರೂ ಆ ಲಾಭ ಕರಗಿಹೋಗುತ್ತದೆ. 2005ರಲ್ಲಿ ಆಡಳಿತ ಈ ಪ್ರಸ್ತಾಪವನ್ನು ಕೈಬಿಟ್ಟಿತು.

ವಾದ ಮಾತ್ರ ತಣ್ಣಗಾಗಲಿಲ್ಲ. 2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್‌ನ ವಿಮಾನವೊಂದರ ಗೋಡೆಯ ಭಾಗ ಆಕಾಶದಲ್ಲೇ ಕಿತ್ತುಹೋಯಿತು. ಅದರ ಪಕ್ಕದ ಎರಡು ಸೀಟುಗಳು ಅಂದು ಖಾಲಿ ಇದ್ದವು. ವಿಮಾನದಲ್ಲಿ ಮಡಿಲ ಕೂಸುಗಳೂ ಇದ್ದವು. ಮಕ್ಕಳಿಗೆ ಸೀಟು ಕೊಳ್ಳಿ ಎಂದು ಸುರಕ್ಷತಾ ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೊಮೆಂಡಿ ಮತ್ತೆ ಕೇಳಿಕೊಂಡರು.

ಅಮೆರಿಕದ ಆ ಲೆಕ್ಕ ಸುಳ್ಳಲ್ಲ. ವಿಮಾನ ಕಾರಿಗಿಂತ ಬಹಳ ಸುರಕ್ಷಿತ ಎಂಬುದೂ ಹೌದು. ಆದರೆ ಆ ಲೆಕ್ಕಕ್ಕೆ ಕಾರು ಓಡುವ ರಸ್ತೆ ಬೇಕು. ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಅಜ್ಜಿಯನ್ನು ನೋಡಲು ಹೊರಟ ಕೂಸಿಗೆ ಹೆದ್ದಾರಿ ಎಲ್ಲಿದೆ? ಸಮುದ್ರದ ಮೇಲೆ ಕಾರು ಓಡುವುದಿಲ್ಲ. ಅಂಥ ಕುಟುಂಬದ ಮುಂದಿರುವುದು ಜೇಬಿನ ಪ್ರಶ್ನೆ ಮಾತ್ರ. ಮಡಿಲಲ್ಲಿ ಕೂತರೆ ಹತ್ತನೇ ಒಂದು ಪಾಲು ದರ, ಸೀಟು ಬೇಕೆಂದರೆ ಹೆಚ್ಚುಕಡಿಮೆ ಮುಕ್ಕಾಲು ಪಾಲು ದರ.

ಬಲ್ಲವರು ಹೇಳುವ ದಾರಿ ಇಷ್ಟೆ: ಕೈಲಾದವರು ಮಗುವಿಗೊಂದು ಸೀಟು ಕೊಳ್ಳಬೇಕು, ವಿಮಾನದಲ್ಲಿ ಬಳಸಲು ಒಪ್ಪಿಗೆ ಇರುವ ಮಕ್ಕಳ ಕುರ್ಚಿಯನ್ನು ಅದಕ್ಕೆ ಕಟ್ಟಬೇಕು. ಆಗದವರು ಪುಟ್ಟ ಬೆಲ್ಟನ್ನು ಕೇಳಿ ಪಡೆಯಬೇಕು, ಬೆಲ್ಟಿನ ದೀಪ ಆರಿದ್ದಾಗಲೂ ಅದನ್ನು ಬಿಚ್ಚಬಾರದು. ಎಲೆನ್ ಚರ್ಚ್ ಕಾಲದಿಂದ ಈವರೆಗೆ ವಿಮಾನ ಕೂಸಿಗಾಗಿ ದಾದಿಯನ್ನು ಕೊಟ್ಟಿದೆ, ತೊಟ್ಟಿಲನ್ನು ಕೊಟ್ಟಿದೆ, ಬೆಚ್ಚಗಿನ ಹಾಲನ್ನೂ ಕೊಟ್ಟಿದೆ. ಕೂರಲು ಜಾಗ ಕೊಡುವುದನ್ನು ಮಾತ್ರ ಇನ್ನೂ ಹೆತ್ತವರ ಜೇಬಿಗೇ ಬಿಟ್ಟಿದೆ.