ಎಣ್ಣೆಗಾಯಿಯ ಎಣ್ಣೆ

ಎಳೆಯ ಬದನೆಕಾಯಿಯನ್ನು ತೊಟ್ಟು ಕಳೆಯದೆ ಸೀಳಿ, ಶೇಂಗಾ, ಗುರೆಳ್ಳು, ಹುಣಸೆ, ಬೆಲ್ಲ, ಖಾರದ ಮಸಾಲೆ ತುಂಬಿ, ಎಣ್ಣೆಯಲ್ಲಿ ಬಾಡಿಸಿ ಬೇಯಿಸಿದ ಪಲ್ಯವೇ ಎಣ್ಣೆಗಾಯಿ. ಹಾವೇರಿ ಜಿಲ್ಲೆಯ ಶಿಗ್ಗಾಂವ, ಸವಣೂರು, ಹಾನಗಲ್ಲ, ಹಿರೇಕೆರೂರ ಕಡೆಯ ಆಡುಮಾತಿನಲ್ಲಿ ಅದು ಎಣಗಾಯಿ. ಬದನೆಗೂ ಇಲ್ಲಿ ಮುಳಗಾಯಿ ಎಂಬ ಇನ್ನೊಂದು ಹೆಸರುಂಟು. ತೊಟ್ಟು ಹಿಡಿದು ಸೀಳುವಾಗ ಒಮ್ಮೆ ಮುಳ್ಳು ಚುಚ್ಚಿಸಿಕೊಂಡವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಲ್ಯದ ಹೆಸರಿನೊಳಗೇ ಅದರ ಚರಿತ್ರೆಯ ಒಂದು ತುಣುಕು ಕೂತಿದೆ. ಎಣ್ಣೆ ಎಂಬ ಮಾತು ಎಳ್ಳಿನ ನೆಯ್, ಅಂದರೆ ಎಳ್ಳಿನಿಂದ ತೆಗೆದ ಜಿಡ್ಡು ಎಂಬ ಅರ್ಥದಿಂದ ಹುಟ್ಟಿದ್ದು. ದಕ್ಷಿಣದವರಿಗೆ ಎಣ್ಣೆ ಎಂದರೆ ಮೊದಲು ಎಳ್ಳೆಣ್ಣೆಯೇ ಆಗಿತ್ತು. ಗಾಣದಿಂದ ಕುಸುಬಿ ಎಣ್ಣೆ ಬಂತು, ಅದರ ಮೇಲೆ ಶೇಂಗಾ ಎಣ್ಣೆ ಬಂತು, ಈಗ ಪ್ಯಾಕೆಟ್ಟಿನ ಸೂರ್ಯಕಾಂತಿ ಎಣ್ಣೆ. ಹೆಸರು ಅಲ್ಲೇ ನಿಂತಿತು, ಬೋಗುಣಿಗೆ ಬೀಳುವ ಎಣ್ಣೆ ಬದಲಾಗುತ್ತ ಹೋಯಿತು.

ಬದನೆ ಮಾತ್ರ ಈ ನೆಲಕ್ಕೆ ಹೊಸದಲ್ಲ. ಭಾರತದಲ್ಲಿ ಸಾವಿರಾರು ವರ್ಷಗಳಿಂದ ಬೆಳೆಯುತ್ತಿರುವ ತರಕಾರಿ ಅದು. ಅಡಿಗೆಯ ಮಾತನ್ನು ಬರಹಕ್ಕೆ ಇಳಿಸುವ ಚಾಳಿಯೂ ಕನ್ನಡ ನಾಡಿನಲ್ಲಿ ಬಹಳ ಹಳೆಯದು. ಕಲ್ಯಾಣಿ ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ಬೇಸಾಯ, ನೀರು ಹುಡುಕುವುದು, ಔಷಧಗಳ ಜೊತೆಗೆ ಅಡಿಗೆಗೂ ಜಾಗ ಸಿಕ್ಕಿದೆ. ಅದೇ ಚಾಲುಕ್ಯ ವಂಶದ ರಾಜ ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗದಲ್ಲಿ, ಬದನೆಯ ತಿರುಳು ತೆಗೆದು ಮಸಾಲೆ ಬೆರೆಸಿದ ಮಾಂಸ ತುಂಬಿ ಎಣ್ಣೆಯಲ್ಲಿ ಕರಿಯುವ ಅಡಿಗೆ ಬರುತ್ತದೆ. ಆಗ ಹಾನಗಲ್ಲು ಪಾನುಂಗಲ್ಲು ಐನೂರು ಎಂಬ ನಾಡಿನ ಮುಖ್ಯ ಊರು; ಚಾಲುಕ್ಯರ ಮಾಂಡಲಿಕರಾದ ಕದಂಬರು ಅಲ್ಲಿಂದ ಆಳುತ್ತಿದ್ದರು. ಅರಮನೆಯ ಆ ಅಡಿಗೆ ಒಕ್ಕಲು ಮನೆಯ ಎಣ್ಣೆಗಾಯಿಯ ನೇರ ಪೂರ್ವಜ ಎನ್ನುವುದು ಅವಸರದ ಮಾತಾದೀತು. ಆದರೆ ಬದನೆಯ ಹೊಟ್ಟೆ ತುಂಬಿ ಎಣ್ಣೆಗೆ ಇಳಿಸುವ ಉಪಾಯ ಒಂಬತ್ತು ಶತಮಾನಗಳ ಹಿಂದೆಯೇ ಗೊತ್ತಿತ್ತು ಎಂಬುದಕ್ಕೆ ಅಷ್ಟು ಸಾಕ್ಷಿ ಸಾಲುತ್ತದೆ.

1508ರ ಸುಮಾರಿನ ಮೂರನೆಯ ಮಂಗರಸ ಕನ್ನಡ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಬದನೆಯ ಅಡಿಗೆಗಳಿಗೆಂದೇ ಒಂದು ಅಧ್ಯಾಯವಿದೆ. ಮಂಗರಸ ಜೈನ ಕವಿ. ಬೀಜ ಬಹಳವೆಂದು ಬದನೆಯನ್ನು ಬಿಡುವ ಜೈನರೂ ಇದ್ದಾರೆ. ಕವಿಗೆ ಆ ಅಡ್ಡಿ ಕಾಡಿದಂತೆ ಕಾಣುವುದಿಲ್ಲ.

ಇಂದಿನ ಎಣ್ಣೆಗಾಯಿಯಲ್ಲಿದ್ದು ಈ ಪುಸ್ತಕಗಳಲ್ಲಿ ಎಲ್ಲೂ ಇರಲಾರದ ಪದಾರ್ಥಗಳು ಎರಡು: ಮೆಣಸಿನಕಾಯಿ ಮತ್ತು ಶೇಂಗಾ. ಎರಡೂ ಅಮೆರಿಕ ಖಂಡಗಳ ಬೆಳೆಗಳು. ಪೋರ್ತುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಮೆಣಸಿನಕಾಯಿ ಒಳನಾಡಿಗೆ ಹಬ್ಬಿದ್ದು ಅದಾದ ಮೇಲೆ. ಅಲ್ಲಿಯವರೆಗೆ ಖಾರಕ್ಕೆ ಕಾಳುಮೆಣಸು, ಶುಂಠಿ. ಶಿಗ್ಗಾಂವ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 16ನೇ ಶತಮಾನದವರು. ರಾಗಿ ಮತ್ತು ಭತ್ತಗಳಿಗೆ ಜಗಳ ಹಚ್ಚಿ ‘ರಾಮಧಾನ್ಯ ಚರಿತೆ’ ಬರೆದವರು. ಅವರ ಬಾಲ್ಯದ ಬಾಡದಲ್ಲಿ ಬದನೆಯ ಪಲ್ಯ ಬೆಂದಿರಬಹುದು, ಇಂದಿನ ಕೆಂಪು ಎಣ್ಣೆಗಾಯಿ ಬೆಂದಿರಲಾರದು.

ಆ ಕೆಂಪಿಗೆ ಹೆಸರಾದ ಊರು ಹಾವೇರಿ ಜಿಲ್ಲೆಯಲ್ಲೇ ಇದೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಜಾಸ್ತಿ. ತೆಳ್ಳಗೆ ಉದ್ದನೆಯದು ಕಡ್ಡಿ, ಗುಂಡಗೆ ಗಿಡ್ಡನೆಯದು ಡಬ್ಬಿ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಎಣ್ಣೆಗಾಯಿಯಲ್ಲಿ ಇದರ ಉಪಯೋಗ ನಾಲಿಗೆಗಿಂತ ಕಣ್ಣಿಗೆ ಹೆಚ್ಚು: ಮೆಣಸಿನಕಾಯಿಯ ಬಣ್ಣ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಬೋಗುಣಿಯ ಅಂಚಿಗೆ ಕೆಂಪನೆಯ ಎಣ್ಣೆ ಬಂದು ನಿಲ್ಲುವುದು ಅದಕ್ಕೇ.

ಶೇಂಗಾದ ಕಥೆ ಇನ್ನೂ ಇತ್ತೀಚಿನದು. ದಕ್ಷಿಣ ಭಾರತದಲ್ಲಿ ಅದು ದೊಡ್ಡ ಬೆಳೆಯಾದದ್ದು 19ನೇ ಶತಮಾನದಲ್ಲಿ, ಯುರೋಪಿನ ಎಣ್ಣೆ ಗಿರಣಿಗಳಿಂದ ಬೇಡಿಕೆ ಹೆಚ್ಚಿದ ಮೇಲೆ. ಅದಕ್ಕೆ ಮೊದಲು ಮಸಾಲೆಗೆ ಮೈ ಕೊಡಬಲ್ಲ ಕಾಳುಗಳೆಂದರೆ ಎಳ್ಳು ಮತ್ತು ಗುರೆಳ್ಳು, ಅಂದರೆ ಮೈಸೂರು ಕಡೆಯವರ ಹುಚ್ಚೆಳ್ಳು. ಹೀಗೆ ನೋಡಿದರೆ, ‘ನಮ್ಮ ಅಜ್ಜಿಯ ಕಾಲದಿಂದ’ ಎಂಬ ಮಾತು ಎಣ್ಣೆಗಾಯಿಯ ಮಟ್ಟಿಗೆ ಅಕ್ಷರಶಃ ನಿಜ, ಅದಕ್ಕಿಂತ ಬಹಳ ಹಿಂದಕ್ಕೆ ಎಳೆದರೆ ಹರಿಯುತ್ತದೆ. ಕಾಯಿ ಪುರಾತನ, ತುಂಬುವ ಉಪಾಯ ಪುರಾತನ, ತುಂಬಿದ್ದು ಮಾತ್ರ ಹೊಸದು.

ಮಾಡುವ ಕ್ರಮ ಹೀಗಿದೆ. ಕೋಳಿಮೊಟ್ಟೆಗಿಂತ ದೊಡ್ಡದಲ್ಲದ ಕಾಯಿಗಳನ್ನು ಆರಿಸಿ, ಬುಡದಿಂದ ತೊಟ್ಟಿನ ಕಡೆಗೆ ಅಡ್ಡ-ಉದ್ದ ಎರಡು ಸೀಳು ಹಾಕಿ, ತೊಟ್ಟು ಮುಟ್ಟುವ ಮೊದಲೇ ಚಾಕು ನಿಲ್ಲಿಸುತ್ತಾರೆ. ನಾಲ್ಕು ಹೋಳುಗಳನ್ನು ತೊಟ್ಟೇ ಹಿಡಿದಿಡಬೇಕು. ಸೀಳಿದ್ದನ್ನು ಕೂಡಲೇ ಉಪ್ಪುನೀರಿಗೆ ಹಾಕದಿದ್ದರೆ ಗಾಳಿ ತಾಗಿ ಕಪ್ಪಾಗುತ್ತದೆ. ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಬಾಡಿಸಿದ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಮಸಾಲಿಖಾರ, ಹುಣಸೆರಸ, ಬೆಲ್ಲ ಸೇರಿಸಿ ಅರೆದು, ಸೀಳಿನೊಳಗೆ ಬೆರಳಿನಿಂದ ಒತ್ತಿ ತುಂಬುತ್ತಾರೆ. ಬದನೆಯ ತಿರುಳು ಸ್ಪಂಜಿನಂತೆ; ಹಾಕಿದ ಎಣ್ಣೆಯನ್ನೆಲ್ಲ ಮೊದಲು ಕುಡಿದುಬಿಡುತ್ತದೆ. ಹೊಸಬರು ಇಲ್ಲೇ ಗಾಬರಿಯಾಗಿ ಮತ್ತೆ ಎಣ್ಣೆ ಸುರಿಯುತ್ತಾರೆ. ಅನುಭವವಿದ್ದವರು ಉರಿ ಸಣ್ಣ ಮಾಡಿ, ಮುಚ್ಚಿದ ತಾಟಿನ ಮೇಲೆ ನೀರು ನಿಲ್ಲಿಸಿ ಕಾಯುತ್ತಾರೆ. ತಿರುಳು ಮೆತ್ತಗಾಗಿ ಕುಸಿದಂತೆ ಕುಡಿದ ಎಣ್ಣೆ ತಾನಾಗಿ ಹೊರಬರುತ್ತದೆ, ಶೇಂಗಾದ ಎಣ್ಣೆಯೂ ಅದಕ್ಕೆ ಸೇರುತ್ತದೆ. ಹುಳಿ-ಬೆಲ್ಲದ ಪಾಕ ಗಟ್ಟಿಯಾಗಿ ಕಾಯಿಯ ಮೈಗೆ ಹತ್ತಿ, ಸಿಪ್ಪೆ ಮಿರಿಮಿರಿ ಮಿಂಚುತ್ತದೆ. ‘ಎಣ್ಣಿ ಬಿಡ್ತು’ ಅಂದರೆ ಅಡಿಗೆ ಆಯಿತೆಂದೇ ಅರ್ಥ.

ಶಿಗ್ಗಾಂವ ಎರಡು ಸೀಮೆಗಳ ನಡುವೆ ಇದೆ. ಪಶ್ಚಿಮಕ್ಕೆ ಹಾನಗಲ್ಲಿನ ಅರೆಮಲೆನಾಡು, ಭತ್ತದ ಗದ್ದೆ. ಪೂರ್ವಕ್ಕೆ ಸವಣೂರಿನ ಎರೆನೆಲ, ಜೋಳ ಮತ್ತು ಹತ್ತಿ. ಎಣ್ಣೆಗಾಯಿಯ ಮೊದಲ ಜೋಡಿ ಜೋಳದ ರೊಟ್ಟಿಯೇ. ಶೀಗಿ ಹುಣ್ಣಿಮೆಗೂ ಎಳ್ಳ ಅಮಾವಾಸ್ಯೆಗೂ ಒಕ್ಕಲುಮಕ್ಕಳು ಹೊಲಕ್ಕೆ ಹೋಗಿ ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲುವಾಗ ಬುತ್ತಿಯಲ್ಲಿ ರೊಟ್ಟಿಯ ಪಕ್ಕ ಇದು ಇದ್ದೇ ಇರುತ್ತದೆ. ಹುಳಿ, ಎಣ್ಣೆ ಎರಡೂ ಇರುವುದರಿಂದ ಬಿಸಿಲಿನ ದಾರಿಯಲ್ಲೂ ಹಳಸುವುದು ನಿಧಾನ. ಕಟ್ಟಿಗೆ ಒಲೆಯ, ಬೀಸುಕಲ್ಲು-ಒರಳುಗಳ ಹಿಂದಿನ ಕಾಲದ ಮನೆ ಹೇಗಿತ್ತೆಂದು ನೋಡಬಯಸುವವರಿಗೆ ಇದೇ ತಾಲ್ಲೂಕಿನ ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್‌ನಲ್ಲಿ ಹಳ್ಳಿ ಬದುಕಿನ ಆಳೆತ್ತರದ ಪ್ರತಿಮೆಗಳಿವೆ.

ಮನೆಯ ಪಲ್ಯವನ್ನು ಊರಿನ ಪಲ್ಯ ಮಾಡಿದ್ದು ಖಾನಾವಳಿಗಳು. ಹುಬ್ಬಳ್ಳಿ-ಧಾರವಾಡದಲ್ಲಿ ಓದಲು, ನೌಕರಿಗೆ, ಕೋರ್ಟು ಕಚೇರಿಗೆ ಬಂದ ಹಳ್ಳಿಯವರಿಗೆ ಮನೆಯ ರುಚಿ ಸಿಗುತ್ತಿದ್ದದ್ದು ಅಲ್ಲಿ. ‘ಜೋಳದ ರೊಟ್ಟಿ ಊಟ’ ಎಂಬ ಬೋರ್ಡು ಬೆಂಗಳೂರಿಗೆ ಹೋದಾಗ ಎಣ್ಣೆಗಾಯಿಯೂ ಅದರ ಬೆನ್ನಿಗೆ ಹೋಯಿತು. ಅಲ್ಲಿ ಟೊಮೆಟೊ ಸೇರಿ ರಸ ನೀರಾಯಿತು ಎಂಬ ತಕರಾರು ಇದ್ದೇ ಇದೆ.

ಕಾಯಿಯ ತಳಿಗಳ ಮೇಲೂ ಒಮ್ಮೆ ದೇಶವೇ ಮಾತಾಡಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮಲಾಪುರ, ಕುಡಚಿ, ಮಂಜರಿಗೋಟದಂಥ ಸ್ಥಳೀಯ ಬದನೆಗಳಿಗೆ ಹುಳು ತಡೆಯುವ ಬಿಟಿ ವಂಶವಾಹಿ ಸೇರಿಸುವ ಕೆಲಸದಲ್ಲಿತ್ತು; 2010ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ಬಿಟಿ ಬದನೆಗೆ ತಡೆ ಹಾಕಿತು.

ಈಗ ಗ್ಯಾಸ್ ಒಲೆಯ ಮೇಲೆ, ಡಬ್ಬಿಯಲ್ಲಿ ಸಿದ್ಧವಿರುವ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳನ್ನೇ ಕಲಸಿ ತುಂಬಿ, ಕುಕ್ಕರಿನಲ್ಲಿ ಒಂದು ಸೀಟಿ ಹೊಡೆಸುವವರು ಬಹಳ. ಕೆಲಸದಿಂದ ಬಂದ ಸಂಜೆ ಅರ್ಧ ಗಂಟೆಯಲ್ಲಿ ಊಟ ಸಿದ್ಧ. ಆವಿಯಲ್ಲಿ ಬೆಂದ ಕಾಯಿ ಮಿಂಚುವುದಿಲ್ಲವಾದ್ದರಿಂದ, ಮುಚ್ಚಳ ತೆಗೆದ ಮೇಲೆ ಮತ್ತೆ ಐದು ನಿಮಿಷ ಸಣ್ಣ ಉರಿಯಲ್ಲಿ, ಎಣ್ಣೆ ಬಿಡುವವರೆಗೆ ಇಡುತ್ತಾರೆ.